ಕತ್ತಲೆಯನ್ನು ಅಳೆದ ಕೋಲುಗಳು

ದೊಡ್ಡಬಳ್ಳಾಪುರದ ಮಾಕಳಿದುರ್ಗಕ್ಕೆ ರಾತ್ರಿ ಚಾರಣ ಹೋಗುವವರ ಮೊಬೈಲಿನಲ್ಲಿ ಈಗ ಆಕಾಶದ ಬಣ್ಣದ ನಕ್ಷೆಯೊಂದು ಇರುತ್ತದೆ. ಬೆಂಗಳೂರಿನ ನಡುವೆ ಬಿಳಿ, ಹೊರಗೆ ಬಂದಂತೆ ಕೆಂಪು, ಹಳದಿ. ಬೆರಳಿಟ್ಟ ಕಡೆ ‘ಬಾರ್ಟ್ಲ್ ದರ್ಜೆ’ ತೋರಿಸುತ್ತದೆ. ಅಮೆರಿಕದ ಹವ್ಯಾಸಿ ಖಗೋಳವೀಕ್ಷಕ ಜಾನ್ ಬಾರ್ಟ್ಲ್ 2001ರಲ್ಲಿ ಆಕಾಶದ ಕತ್ತಲೆಗೆ ಈ ಒಂಬತ್ತು ದರ್ಜೆಗಳನ್ನು ಮಾಡಿದ್ದು ಬರಿಗಣ್ಣಿನ ಅಂದಾಜಿಗೆ. ಉಪಗ್ರಹದ ಲೆಕ್ಕದಿಂದ ಹೊರಟ ಅಂಕಿಗೆ ಅದೇ ಹೆಸರು ಅಂಟಿಸಿದರೆ ಅದು ಅಳತೆಯಾಗುವುದಿಲ್ಲ.

ಬೆಳಕಿನ ಅಳತೆಯ ಹಳೆಯ ಚರಿತ್ರೆಯನ್ನು ನಾಲ್ಕು ಮಾತಿನಲ್ಲಿ ಮುಗಿಸಬಹುದು. ಗ್ರೀಕರು ನಕ್ಷತ್ರಗಳನ್ನು ಹೊಳಪಿಗೆ ತಕ್ಕಂತೆ ಆರು ದರ್ಜೆಗಳಾಗಿ, ಅಂದರೆ ಕಾಂತಿಮಾನಗಳಾಗಿ, ವಿಂಗಡಿಸಿದರು. 1760ರಲ್ಲಿ ಲ್ಯಾಂಬರ್ಟ್ ಬೆಳಕಿನ ಅಳತೆಗೆ ಗಣಿತದ ಬುನಾದಿ ಹಾಕಿದ. 1856ರಲ್ಲಿ ನಾರ್ಮನ್ ಪೋಗ್ಸನ್, ಐದು ಕಾಂತಿಮಾನದ ಅಂತರವೆಂದರೆ ಸರಿಯಾಗಿ ನೂರು ಪಟ್ಟು ಬೆಳಕು ಎಂದು ಗೊತ್ತುಮಾಡಿದ. 1861ರಲ್ಲಿ ಮದ್ರಾಸು ವೀಕ್ಷಣಾಲಯಕ್ಕೆ ಬಂದ ಅವನು 1891ರಲ್ಲಿ ಸಾಯುವವರೆಗೂ ಅಲ್ಲೇ ದುಡಿದ.

ಗೊಂದಲ ಬೆಳೆದದ್ದು ಇಪ್ಪತ್ತನೇ ಶತಮಾನದಲ್ಲಿ. ಬೆಳಗುವ ಮೇಲ್ಮೈಯ ಪ್ರಖರತೆಗೆ ಒಬ್ಬೊಬ್ಬರದು ಒಂದೊಂದು ಮಾನ. ಈಗಿನ ಮಾನವಾದ ಚದರ ಮೀಟರಿಗೆ ಕ್ಯಾಂಡೆಲಾದಲ್ಲಿ ಹೇಳುವುದಾದರೆ ಒಂದು ಸ್ಟಿಲ್ಬ್ 10,000, ಒಂದು ಲ್ಯಾಂಬರ್ಟ್ 3,183, ಸಿನಿಮಾ ಪರದೆಯವರ ಫುಟ್-ಲ್ಯಾಂಬರ್ಟ್ 3.426, ಅಪೊಸ್ಟಿಲ್ಬ್ 0.318. ಫೋನಿನ ಜಾಹೀರಾತಿನಲ್ಲಿ ಕಾಣುವ ನಿಟ್ ಎಂದರೆ ಚದರ ಮೀಟರಿಗೆ ಒಂದು ಕ್ಯಾಂಡೆಲಾವೇ. ಲ್ಯಾಂಬರ್ಟ್ ಬಳಗದ ಮಾನಗಳಲ್ಲಿ ‘ಪೈ’ ಅಡಗಿದೆ. ಪರಿವರ್ತಿಸುವಾಗ ಅದನ್ನು ಮರೆತರೆ ಉತ್ತರ ಮೂರು ಪಟ್ಟಿಗಿಂತ ಹೆಚ್ಚು ತಪ್ಪುತ್ತದೆ.

ಇರುಳ ಬಾನಿನ ಕೆಲಸದವರು ಇವು ಸಾಲದೆಂದು ತಮ್ಮವೇ ಮಾನಗಳನ್ನು ಸೇರಿಸಿದರು. ಒಂದು ಚದರ ಡಿಗ್ರಿಯಲ್ಲಿ ಹತ್ತನೇ ಕಾಂತಿಮಾನದ ಎಷ್ಟು ತಾರೆಗಳಿದ್ದರೆ ಅಷ್ಟು ಬೆಳಕು ಎಂಬ ‘ಎಸ್-10’ ಒಂದು. 1980ರ ದಶಕದಲ್ಲಿ ಗಾರ್ಸ್ಟಾಂಗ್ ನಗರಪ್ರಭೆಯ ಲೆಕ್ಕಕ್ಕೆ ಬಳಸಿದ ನ್ಯಾನೊಲ್ಯಾಂಬರ್ಟ್ ಇನ್ನೊಂದು. ಅಪ್ಪಟ ಕತ್ತಲೆಯ ಆಕಾಶ ಚದರ ಆರ್ಕ್‌ಸೆಕೆಂಡಿಗೆ ಸುಮಾರು 22 ಕಾಂತಿಮಾನ. ಅದೇ ಆಕಾಶ 205 ಎಸ್-10, 54 ನ್ಯಾನೊಲ್ಯಾಂಬರ್ಟ್, ಚದರ ಮೀಟರಿಗೆ 0.17 ಮಿಲಿಕ್ಯಾಂಡೆಲಾ. ಇದು ಬರೀ ಲೆಕ್ಕಾಚಾರ, ಯಾರು ಬೇಕಾದರೂ ಮಾಡಬಹುದು.

ಲೆಕ್ಕಾಚಾರದಾಚೆಯ ಕೆಲಸವನ್ನು ನಮ್ಮ ಕಡೆ ಕಲಿಸಿದ್ದು ಖಗೋಳವಿಜ್ಞಾನಿ ವೇಣು ಬಾಪು ಅವರ ಕಾಲದ ಕವಲೂರು ವೀಕ್ಷಣಾಲಯ. ಜವಾದಿ ಬೆಟ್ಟಗಳಲ್ಲಿ 1972ರಲ್ಲಿ ಒಂದು ಮೀಟರ್ ದೂರದರ್ಶಕ ಕಣ್ಣು ತೆರೆಯಿತು. 1977ರಲ್ಲಿ ಯುರೇನಸ್ಸಿನ ಉಂಗುರಗಳನ್ನು ಪತ್ತೆ ಮಾಡಿದ ವೀಕ್ಷಣೆಗಳಲ್ಲಿ ಅದರ ಪಾಲೂ ಇತ್ತು. ಆ ದಿನಗಳ ಫೋಟೊಮೀಟರಿನಲ್ಲಿ ತಾರೆಯನ್ನು ಅಳೆದ ಮೇಲೆ ದೂರದರ್ಶಕವನ್ನು ಸ್ವಲ್ಪ ಸರಿಸಿ ಪಕ್ಕದ ಖಾಲಿ ಆಕಾಶವನ್ನೂ ಅಳೆಯಬೇಕಿತ್ತು. ಆ ಅಂಕಿಯನ್ನು ತಾರೆಯದರಿಂದ ಕಳೆಯುವುದು, ಮುಂದೆ ಹೋಗುವುದು. ಕಸವೆಂದು ಕಳೆದದ್ದೇ ಇಂದು ಬೇಕಾದ ಮಾಹಿತಿ! ಬೆಳಕನ್ನು ಒಳಬಿಡುವ ರಂಧ್ರವಾದ ಡಯಾಫ್ರಾಮಿನ ವ್ಯಾಸ 20 ಆರ್ಕ್‌ಸೆಕೆಂಡ್ ಇದ್ದು, ಅದರೊಳಗಿನ ಆಕಾಶ 15.7 ಕಾಂತಿಮಾನದ ತಾರೆಯಷ್ಟು ಬೆಳಗುತ್ತಿದ್ದರೆ, ಚದರ ಆರ್ಕ್‌ಸೆಕೆಂಡಿಗೆ 21.9 ಎಂದಾಯಿತು. ವ್ಯಾಸವನ್ನು 24 ಎಂದು ಓದಿಕೊಂಡರೆ ಉತ್ತರ 0.4ರಷ್ಟು ಕೆಡುತ್ತದೆ. ಫಿಲ್ಟರ್, ಮಾನಕ ತಾರೆ, ಡಯಾಫ್ರಾಮು ಮೂರನ್ನೂ ಬರೆದಿಡುತ್ತಿದ್ದವರ ಶಿಸ್ತಿನಿಂದಲೇ ಹಳೆಯ ಅಂಕಿಗಳು ಇಂದಿಗೂ ಜೀವಂತ.

ಆ ಪರಂಪರೆ ಹೊಸಕೋಟೆಗೆ ಬಂದದ್ದು ಬೇರೆ ರೂಪದಲ್ಲಿ. ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿರುವ ಎರಡು ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಡೆಸುವುದು ಶಿಡ್ಲಘಟ್ಟ ರಸ್ತೆಯಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ‘ಕ್ರೆಸ್ಟ್’ ಆವರಣದಿಂದ, ಉಪಗ್ರಹ ಸಂಪರ್ಕದ ಮೂಲಕ. ಹಾನ್ಲೆಯ ಸುತ್ತ 2022ರಲ್ಲಿ ಕತ್ತಲೆ ಆಕಾಶದ ಸಂರಕ್ಷಿತ ವಲಯ ಘೋಷಣೆಯಾಯಿತು. ನಿಯಂತ್ರಣ ಕೊಠಡಿಯ ತೆರೆಯ ಮೇಲೆ ಆ ಆಕಾಶ. ಕಿಟಕಿಯಾಚೆ ಬೆಂಗಳೂರಿನ ಪ್ರಭೆ.

ದೊಡ್ಡಬಳ್ಳಾಪುರ, ಹೊಸಕೋಟೆಗಳಿರುವ ಈ ಜಿಲ್ಲೆಯ ಇರುಳು ಬದಲಾಗುತ್ತಲೇ ಇದೆ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂತು. ದೊಡ್ಡಬಳ್ಳಾಪುರದ ಕಡೆ ಸೇವಂತಿಗೆ ಬೆಳೆಗಾರರು ಹೂ ಬಿಡುವುದನ್ನು ಮುಂದೂಡಲು ಹೊಲದ ತುಂಬ ಬಲ್ಬು ತೂಗುಹಾಕುತ್ತಾರೆ. ಬೀದಿಯಲ್ಲಿ ಸೋಡಿಯಂ ದೀಪ ಹೋಗಿ ಎಲ್‌ಇಡಿ ಬಂದಿದೆ.

ಪರಿವರ್ತನೆ ಕೈಕೊಡುವುದು ಇಲ್ಲೇ. ಬಿಳಿ ಎಲ್‌ಇಡಿಯ ನೀಲಿ ಭಾಗ ಸುಮಾರು 450 ನ್ಯಾನೊಮೀಟರ್. ಸೋಡಿಯಂ ಹಳದಿ 589. ಗಾಳಿಯ ಅಣುಗಳು ಆ ನೀಲಿಯನ್ನು ಹಳದಿಗಿಂತ ಮೂರು ಪಟ್ಟು ಹೆಚ್ಚು ಚದುರಿಸುತ್ತವೆ. ಮೊಬೈಲ್ ನಕ್ಷೆಗಳು ನೆಚ್ಚಿಕೊಂಡಿರುವ ವಿಐಐಆರ್‌ಎಸ್ ಉಪಗ್ರಹ ಸಂವೇದಕಕ್ಕೆ 500 ನ್ಯಾನೊಮೀಟರಿಗಿಂತ ಕೆಳಗಿನ ಬೆಳಕು ಕಾಣುವುದೇ ಇಲ್ಲ. ಹಾಗಾಗಿ ನಕ್ಷೆಯಲ್ಲಿ ಮಂಕಾದ ಊರಿನ ನೆತ್ತಿಯ ಮೇಲಿನ ಆಕಾಶ ಇನ್ನಷ್ಟು ಬೆಳಗಿರಬಹುದು. ಹವ್ಯಾಸಿಗಳ ಅಂಗೈ ಮೀಟರ್ ಎಸ್‌ಕ್ಯೂಎಂ ಕೂಡ ಖಗೋಳಜ್ಞರ ‘ವಿ’ ಫಿಲ್ಟರಿನಂತೆ ಬಣ್ಣಗಳನ್ನು ಗ್ರಹಿಸುವುದಿಲ್ಲ. ಕ್ಯಾಂಡೆಲಾ ಕೂಡ ಹಗಲುಗಣ್ಣನ್ನು ನೆಚ್ಚಿ ಕಟ್ಟಿದ ಮಾನವೇ. ಇರುಳುಗಣ್ಣಿನ ಒಲವು 507 ನ್ಯಾನೊಮೀಟರಿನ ಕಡೆಗೆ.

ಆದ್ದರಿಂದ ನೆಲಮಂಗಲದ್ದೋ ಹೊಸಕೋಟೆಯದೋ ಆಕಾಶದ ದಾಖಲೆ ಇಡುವ ಕಾಲೇಜುಗಳು ಅಂಕಿಯೊಂದನ್ನೇ ಬರೆದರೆ ಸಾಲದು. ಯಾವ ಉಪಕರಣ, ಯಾವ ಫಿಲ್ಟರ್, ಆಕಾಶದ ಯಾವ ದಿಕ್ಕು, ಚಂದ್ರ ಮುಳುಗಿದ್ದನೇ, ಸುತ್ತ ಯಾವ ದೀಪ ಉರಿಯುತ್ತಿತ್ತು ಎಂಬುದನ್ನೂ ಅದೇ ಸಾಲಿನಲ್ಲಿ ನಮೂದಿಸಬೇಕು. ಮಾನ ಯಾವುದಾದರೂ ಇರಲಿ, ಮುಂದಿನವರು ಪರಿವರ್ತಿಸಿಕೊಳ್ಳುತ್ತಾರೆ. ಬರೆಯದೇ ಬಿಟ್ಟ ಫಿಲ್ಟರಿನ ಹೆಸರನ್ನು ಯಾವ ಸೂತ್ರದಿಂದಲೂ ಕಂಡುಹಿಡಿಯಲಾಗದು.