ಎರಡು ಚೇಳೂರು, ಎರಡು ಗುರುತು

ಗುಬ್ಬಿ ತಾಲ್ಲೂಕಿನಲ್ಲಿ ‘ಚೇಳೂರು’ ಎಂದರೆ ಸಾಕು, ಆ ಹೋಬಳಿ ಕೇಂದ್ರ ಎಲ್ಲರಿಗೂ ತಿಳಿಯುತ್ತದೆ. ಆದರೆ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲೂ ಒಂದು ಚೇಳೂರಿದೆ. ಮಗ ಬರೆದ ಕಾಗದ ಯಾವ ಊರಿನ ತಾಯಿಯ ಕೈ ಸೇರಬೇಕು?

ಇಂಥ ತೊಡಕಿಗೆ ಅಂಚೆ ಇಲಾಖೆ 1972ರ ಆಗಸ್ಟ್ 15ರಂದು ಪರಿಹಾರ ತಂದಿತು. ಸಂಸ್ಕೃತ ವಿದ್ವಾಂಸರೂ ಆಗಿದ್ದ ಅಧಿಕಾರಿ ಶ್ರೀರಾಮ ಭಿಕಾಜಿ ವೇಲಣಕರ್ ರೂಪಿಸಿದ ಆರು ಅಂಕಿಗಳ ಪಿನ್‌ಕೋಡ್ ಅದು. ಮೊದಲ ಮೂರು ಅಂಕಿ ವಿಂಗಡಣೆಯ ಜಿಲ್ಲೆಯನ್ನು, ಉಳಿದ ಮೂರು ಬಟವಾಡೆಯ ಅಂಚೆ ಕಚೇರಿಯನ್ನು ತೋರಿಸುತ್ತವೆ. 572 ಎಂದು ಕಂಡೊಡನೆ ಕಾಗದ ತುಮಕೂರಿನ ದಾರಿ ಹಿಡಿಯುತ್ತದೆ.

ಗಣಕಯಂತ್ರದಲ್ಲೂ ಇದೇ ಸಮಸ್ಯೆ ಎದುರಾಯಿತು. ಯಂತ್ರದ ಆಡಳಿತ ನಡೆಸುವ ಲಿನಕ್ಸ್ ಕರ್ನೆಲ್‌ನಲ್ಲಿ 2002ರಿಂದ ‘ನೇಮ್‌ಸ್ಪೇಸ್’ಗಳು, ಅಂದರೆ ತಾಲ್ಲೂಕುಗಳಂಥ ಪ್ರತ್ಯೇಕ ವಿಭಾಗಗಳು, ಬಂದವು. 2008ರ ಹೊತ್ತಿಗೆ ಇಂಥ ಹಲವು ವಿಭಾಗಗಳಲ್ಲಿ ‘1’ ಎಂಬ ಸಂಖ್ಯೆಯ ಕೆಲಸವೇ ನಡೆಯುವುದು ಸಾಧ್ಯವಾಯಿತು. ಒಳಗೆ ಗೊಂದಲವಿಲ್ಲ, ಹೊರಗಿನಿಂದ ನೋಡಿದರೆ ಯಾವ ಒಂದು? ಆದ್ದರಿಂದ ವಿಭಾಗಕ್ಕೇ ಗುರುತು ಬೇಕಾಯಿತು. ಅದಕ್ಕೆ ಬಳಸಿದ ಐನೋಡ್ ಸಂಖ್ಯೆಯೋ, ಒಂದು ವಿಭಾಗ ಅಳಿದರೆ ಇನ್ನೊಂದಕ್ಕೆ ಸಿಗಬಹುದು. ಆಗ ಹಳೆಯದರ ತಪ್ಪು ಹೊಸದರ ತಲೆಗೆ! ಮರುಬಳಸದ 64 ಬಿಟ್ ಸಂಖ್ಯೆಗಳು ಬಂದದ್ದು ಇದಕ್ಕಾಗಿಯೇ.

ನಿಮ್ಮ ಶಾಲೆಯನ್ನೇ ನೋಡಿ. ಹಾಜರಿ ಸಂಖ್ಯೆ 1 ಪ್ರತಿ ತರಗತಿಯಲ್ಲೂ ಇದೆ. ದಾಖಲಾತಿ ಸಂಖ್ಯೆ ಮಾತ್ರ ಒಬ್ಬರಿಗೇ ಮೀಸಲು. ನೀವು ಶಾಲೆ ಬಿಟ್ಟರೂ ಅದನ್ನು ಇನ್ನೊಬ್ಬರಿಗೆ ಕೊಡಬಾರದು. ಏಕೆಂದು ಈಗ ನೀವೇ ಹೇಳಬಲ್ಲಿರಿ.