ಕೆಸರನ್ನು ಉಳಿಸಿಕೊಂಡವರು

1858ರ ಬೇಸಿಗೆಯಲ್ಲಿ ಥೇಮ್ಸ್ ನದಿ ನಾರತೊಡಗಿದಾಗ ಲಂಡನ್ನಿನ ಪಾರ್ಲಿಮೆಂಟಿಗೆ ಒಳಚರಂಡಿಯ ತುರ್ತು ಅರಿವಾಯಿತು. ಜೋಸೆಫ್ ಬ್ಯಾಜಲ್ಗೆಟ್ ಕಟ್ಟಿದ ಕೊಳವೆಜಾಲ ಇಂದಿಗೂ ಬಳಕೆಯಲ್ಲಿದೆ. ಆದರೆ ಅದು ಕೊಳಚೆಯನ್ನು ಶುದ್ಧಗೊಳಿಸಲಿಲ್ಲ, ಊರಿನ ಕೆಳಹರಿವಿಗೆ ಸಾಗಿಸಿತು ಅಷ್ಟೆ. 1878ರಲ್ಲಿ ಪ್ರಿನ್ಸೆಸ್ ಆಲಿಸ್ ಎಂಬ ಹಡಗು ಮುಳುಗಿ 600ಕ್ಕೂ ಹೆಚ್ಚು ಜನ ಸತ್ತದ್ದು ಆ ಕೊಳಚೆಯನ್ನು ನದಿಗೆ ಬಿಡುವ ಜಾಗದ ಹತ್ತಿರವೇ.

ಶುದ್ಧಗೊಳಿಸುವ ದಾರಿ ಹುಡುಕುತ್ತ ಹಲವು ಊರುಗಳವರು ಕೊಳಚೆಯನ್ನು ಹೊಲಗಳಿಗೆ ಹರಿಸಿದರು, ಸುಣ್ಣ ಹಾಕಿ ಗಸಿ ಇಳಿಸಿದರು. ಊರು ಬೆಳೆದಷ್ಟು ವೇಗದಲ್ಲಿ ಹೊಲಗಳು ಸಿಗಲಿಲ್ಲ. ಇಳಿದ ಗಸಿಯನ್ನು ಏನು ಮಾಡುವುದೆಂಬುದೇ ಇನ್ನೊಂದು ತಲೆನೋವಾಯಿತು. ಸೂಕ್ಷ್ಮಜೀವಿಗಳನ್ನು ಕೊಲ್ಲುವ ಬದಲು ಅವುಗಳಿಂದಲೇ ಕೆಲಸ ಮಾಡಿಸಬೇಕೆಂದು ರಸಾಯನತಜ್ಞ ವಿಲಿಯಂ ಡಿಬ್ಡಿನ್ 1880ರ ದಶಕದಲ್ಲಿ ವಾದಿಸಿದರು. ಅಮೆರಿಕದ ಲಾರೆನ್ಸ್ ಪ್ರಯೋಗಕೇಂದ್ರ ಮರಳು, ಜಲ್ಲಿಯ ಹಾಸುಗಳಲ್ಲಿ ಇದನ್ನು ಪರೀಕ್ಷಿಸಿತು. 1912ರಲ್ಲಿ ಬ್ರಿಟನ್ನಿನ ರಾಯಲ್ ಕಮಿಷನ್ ನದಿಗೆ ಬಿಡುವ ನೀರಿಗೆ ಮಿತಿಯನ್ನು ಶಿಫಾರಸು ಮಾಡಿತು: ಲೀಟರಿಗೆ 30 ಮಿಲಿಗ್ರಾಂ ತೇಲುಕಣ, 20 ಮಿಲಿಗ್ರಾಂ ಬಿಒಡಿ. ಬಿಒಡಿ ಎಂದರೆ ನೀರಿನಲ್ಲಿರುವ ಕೊಳೆಯನ್ನು ತಿನ್ನಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ. ಅದನ್ನು ಅಳೆಯುವ ಪರೀಕ್ಷೆಗೆ ಅಲ್ಲಿ 5 ದಿನ. ನಮ್ಮ ಬಿಸಿ ಹವೆಗೆ ತಕ್ಕಂತೆ ಭಾರತದಲ್ಲಿ 27 ಡಿಗ್ರಿಯಲ್ಲಿ 3 ದಿನ.

ನಿಜವಾದ ತಿರುವು ಮ್ಯಾಂಚೆಸ್ಟರಿನಲ್ಲಿ ಸಿಕ್ಕಿತು. ಲಾರೆನ್ಸ್‌ಗೆ ಹೋಗಿಬಂದ ಗಿಲ್ಬರ್ಟ್ ಫೌಲರ್ ಅವರ ಸಲಹೆಯಂತೆ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಬಾಟಲಿಗಳಲ್ಲಿ ಕೊಳಚೆ ತುಂಬಿ ಗಾಳಿ ಊದಿದರು. ಮೊದಲ ಸಲ ನೀರು ಪೂರ್ತಿ ಶುದ್ಧವಾಗಲು ಸುಮಾರು 5 ವಾರ ಬೇಕಾಯಿತು. ಅವರು ಮೇಲಿನ ತಿಳಿನೀರನ್ನು ಮಾತ್ರ ಚೆಲ್ಲಿ, ತಳದ ಕೆಸರನ್ನು ಉಳಿಸಿಕೊಂಡು, ಹೊಸ ಕೊಳಚೆ ಸುರಿದರು. ಮೊಸರಿಗೆ ಹೆಪ್ಪು ಎತ್ತಿಟ್ಟುಕೊಂಡ ಹಾಗೆ. ಪ್ರತಿ ಸುತ್ತಿಗೂ ಕೆಸರಿನಲ್ಲಿ ಜೀವಿಗಳು ಹೆಚ್ಚಿ, ಕೊನೆಗೆ ಅದೇ ಕೆಲಸ ಒಂದು ದಿನದೊಳಗೆ ಮುಗಿಯತೊಡಗಿತು. ಅವರು ಫಲಿತಾಂಶ ಮಂಡಿಸಿದ್ದು 1914ರ ಏಪ್ರಿಲ್‌ನಲ್ಲಿ. ಎಲ್ಲರೂ ತೊಲಗಿಸಲು ಹೆಣಗುತ್ತಿದ್ದ ಕೆಸರೇ ಯಂತ್ರವಾದದ್ದು ಈ ಕ್ಷೇತ್ರದ ಅತಿ ದೊಡ್ಡ ಹೆಜ್ಜೆ ಎಂದೇ ನನ್ನ ಎಣಿಕೆ. ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು.

ಆಮೇಲಿನದನ್ನು ಚುಟುಕಾಗಿ ಹೇಳಬಹುದು. ಸಾರಜನಕ, ರಂಜಕಗಳನ್ನು ಸೂಕ್ಷ್ಮಜೀವಿಗಳಿಂದಲೇ ಒಟ್ಟಿಗೆ ತೆಗೆಯುವ ವಿಧಾನಗಳು 1970ರ ದಶಕದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ರೂಪುಗೊಂಡವು. ಗಾಳಿ ಊದದೆ ಕೊಳಚೆ ಕೊಳೆಸುವ ಡಚ್ ತಂತ್ರ ಕಾನ್ಪುರಕ್ಕೆ ಬಂತು. ಪೊರೆಯ ಮೂಲಕ ಸೋಸುವ ಪದ್ಧತಿಯೂ ಈಗ ಬಳಕೆಗೆ ಬಂದಿದೆ.

2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಯೋಜನೆಯ ಗುರಿ ದಿನಕ್ಕೆ 44 ಕೋಟಿ ಲೀಟರ್. ಬತ್ತಿದ ಕೆರೆಗಳು ತುಂಬಿದ್ದು ಸಣ್ಣ ಮಾತಲ್ಲ. ಆದರೆ ಅದು ಎರಡನೇ ಹಂತದವರೆಗೆ, ಎಂದರೆ ಸೂಕ್ಷ್ಮಜೀವಿಗಳು ಕೊಳೆ ತಿನ್ನುವ ಹಂತದವರೆಗೆ ಮಾತ್ರ ಸಂಸ್ಕರಿಸಿದ ನೀರು. ಉಳಿದ ಕಲ್ಮಶಗಳನ್ನು ತೆಗೆಯುವ ಮೂರನೇ ಹಂತವೂ ಬೇಕೆಂದು ಅಲ್ಲಿನ ರೈತ ಸಂಘಟನೆಗಳು ಹೋರಾಡುತ್ತಿವೆ. ಕೆರೆಗಳಿಂದ ಅಂತರ್ಜಲಕ್ಕೆ ಇಳಿದ ಕಲ್ಮಶವನ್ನು ಮರಳಿ ತೆಗೆಯುವುದು ಬಹಳ ಕಷ್ಟ, ಹಾಗಾಗಿ ಅವರ ಬೇಡಿಕೆ ನ್ಯಾಯವಾದದ್ದು.

ಈ ವಿಷಯದ ಪಠ್ಯಪುಸ್ತಕಗಳು ಬ್ಯಾಕ್ಟೀರಿಯಾಗಳ ಬಗ್ಗೆ ಅಧ್ಯಾಯಗಟ್ಟಲೆ ಹೇಳುತ್ತವೆ, ಮ್ಯಾನ್‌ಹೋಲಿಗೆ ಇಳಿಯುವ ಮನುಷ್ಯನ ಬಗ್ಗೆ ಹೇಳುವುದು ಕಡಿಮೆ. ಗಾಳಿಯಾಡದ ಕೊಳಚೆಯಲ್ಲಿ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಪ್ರಮಾಣ ಹೆಚ್ಚಿದ್ದರೆ ಕೆಲವೇ ಉಸಿರಿಗೆ ಪ್ರಜ್ಞೆ ತಪ್ಪುತ್ತದೆ. ಕೈಯಿಂದ ಮಲ ತೆಗೆಸುವುದನ್ನು 1993ರ ಕಾಯ್ದೆ ನಿಷೇಧಿಸಿತು. 2013ರ ಕಾಯ್ದೆ ಚರಂಡಿ, ಸೆಪ್ಟಿಕ್ ಟ್ಯಾಂಕುಗಳಿಗೆ ರಕ್ಷಣೆಯಿಲ್ಲದೆ ಇಳಿಸುವುದನ್ನೂ ನಿಷೇಧಿಸಿತು. ಸಾವು ನಿಲ್ಲಲಿಲ್ಲ. ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರಲ್ಲಿ 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು.