ಹೊಟ್ಟೆಯ ತೂತಿನಿಂದ ಕಂಡ ಜೀರ್ಣಕ್ರಿಯೆ

1822ರ ಜೂನ್ 6. ಅಮೆರಿಕದ ಮ್ಯಾಕಿನಾ ದ್ವೀಪದ ತುಪ್ಪಳದ ಅಂಗಡಿಯಲ್ಲಿ ಯಾರದೋ ಬಂದೂಕು ಆಕಸ್ಮಿಕವಾಗಿ ಹಾರಿತು. ಪೆಟ್ಟು ತಿಂದವನು ಕೆನಡಾದ ಕೂಲಿಯಾಳು ಅಲೆಕ್ಸಿಸ್ ಸೇಂಟ್ ಮಾರ್ಟಿನ್. ಸೇನಾ ವೈದ್ಯ ವಿಲಿಯಂ ಬ್ಯೂಮಾಂಟ್ ಅವನನ್ನು ಬದುಕಿಸಿದ. ಜಠರದ ತೂತು ಮಾತ್ರ ಮುಚ್ಚಲೇ ಇಲ್ಲ.

1825ರ ಆಗಸ್ಟ್ 1ರಂದು ಬ್ಯೂಮಾಂಟ್ ಮಾಂಸದ ತುಂಡು, ಹಳೆಯ ಬ್ರೆಡ್ಡು, ಹಸಿ ಎಲೆಕೋಸನ್ನು ರೇಷ್ಮೆ ದಾರಕ್ಕೆ ಕಟ್ಟಿ ಆ ತೂತಿನೊಳಗೆ ಇಳಿಬಿಟ್ಟ. ಒಂದು ತಾಸಿನ ನಂತರ ಎಳೆದು ನೋಡಿದರೆ ಕೋಸು, ಬ್ರೆಡ್ಡು ಅರ್ಧ ಕರಗಿದ್ದವು, ಮಾಂಸ ಇದ್ದ ಹಾಗೇ ಇತ್ತು. ಮುಂದೆ ಜಠರರಸವನ್ನು ಸೀಸೆಗೆ ತುಂಬಿ ಬೆಚ್ಚಗಿಟ್ಟ. ಮಾಂಸ ಅಲ್ಲೂ ಕರಗಿತು. ಹೊಟ್ಟೆ ಅರೆಯುವುದಷ್ಟೇ ಅಲ್ಲ, ರಸವೇ ಕೆಲಸ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? 1833ರಲ್ಲಿ ಈ ಪ್ರಯೋಗಗಳ ಪುಸ್ತಕ ಬಂತು. ಹೆಸರು ವೈದ್ಯನಿಗೆ, ಹೊಟ್ಟೆ ಕೊಟ್ಟವನಿಗೆ ಕರಾರಿನ ಪ್ರಕಾರ ವರ್ಷಕ್ಕೆ 150 ಡಾಲರ್, ಊಟ, ವಸತಿ!

1836ರಲ್ಲಿ ಜರ್ಮನಿಯ ಥಿಯೋಡೋರ್ ಶ್ವಾನ್ ಆ ರಸದಲ್ಲಿ ಪ್ರೋಟೀನ್ ಒಡೆಯುವ ಪೆಪ್ಸಿನ್ ಎಂಬ ಕಿಣ್ವವನ್ನು ಗುರುತಿಸಿದ. 1876ರಲ್ಲಿ ವಿಲ್ಹೆಲ್ಮ್ ಕ್ಯೂನೆ ಮೇದೋಜೀರಕದ ರಸದ ಕಿಣ್ವವಾದ ಟ್ರಿಪ್ಸಿನ್‌ಗೆ ಹೆಸರಿಟ್ಟ.

ಟ್ರಿಪ್ಸಿನ್ ಕರುಳು ತಲುಪುವ ಮುನ್ನವೇ ಎಚ್ಚೆತ್ತರೆ ತನ್ನ ಗ್ರಂಥಿಯನ್ನೇ ಅರಗಿಸತೊಡಗುತ್ತದೆ; ಮೇದೋಜೀರಕದ ಉರಿಯೂತಕ್ಕೆ ಇದೂ ಮುಖ್ಯ ಕಾರಣ. ಕಿಣ್ವ ಸಾಲದವರಿಗೆ ಇಂದಿಗೂ ಹಂದಿಯ ಮೇದೋಜೀರಕದಿಂದ ತೆಗೆದ ಕಿಣ್ವಗಳ ಕ್ಯಾಪ್ಸೂಲನ್ನು ಊಟದ ಜೊತೆ ಕೊಡುತ್ತಾರೆ.